ಜೈವಿಕರಾಶಿ ಮತ್ತು ಪರಿಸರ ವಿಜ್ಞಾನದಲ್ಲಿ ಡಾಕ್ಟರೇಟ್ ಸಂಶೋಧನೆ

ಜೈವಿಕರಾಶಿ ಮತ್ತು ಪರಿಸರ ವಿಜ್ಞಾನದಲ್ಲಿ ಡಾಕ್ಟರೇಟ್ ಸಂಶೋಧನೆ ಎಂದರೆ ಸಸ್ಯ, ಪ್ರಾಣಿ ಹಾಗೂ ಸೂಕ್ಷ್ಮಜೀವಿಗಳಿಂದ ಉಂಟಾಗುವ ಸಾವಯವ ವಸ್ತುವಿನ ಪ್ರಮಾಣ, ಗುಣ ಮತ್ತು ಬಳಕೆಯನ್ನೂ, ಆ ಬಳಕೆಯಿಂದ ನೆಲ, ಜಲ ಮತ್ತು ವಾಯುವಿನ ಮೇಲಾಗುವ ಪರಿಣಾಮಗಳನ್ನೂ ಕುರಿತು ಪಿಎಚ್.ಡಿ. ಪದವಿಗಾಗಿ ನಡೆಸುವ ಅಧ್ಯಯನ. ಇದು ಒಂದೇ ವಿಭಾಗಕ್ಕೆ ಸೇರಿದ ವಿಷಯವಲ್ಲ. ಪರಿಸರ ವಿಜ್ಞಾನ, ರಸಾಯನ ತಂತ್ರಜ್ಞಾನ, ಕೃಷಿ, ಅರಣ್ಯಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಅರ್ಥಶಾಸ್ತ್ರ ಮೊದಲಾದ ಹಲವು ವಿಭಾಗಗಳಲ್ಲಿ ಇದರ ಸಂಶೋಧನೆ ನಡೆಯುತ್ತದೆ. ಆದ್ದರಿಂದ 'ಜೈವಿಕರಾಶಿ' ಎಂಬ ಹೆಸರಿನ ವಿಭಾಗವನ್ನೇ ಹುಡುಕುವ ವಿದ್ಯಾರ್ಥಿಗೆ ಅವಕಾಶಗಳು ಕಡಿಮೆಯೆಂದು ತೋರಬಹುದು. ಪ್ರಶ್ನೆಯನ್ನು ಹಿಡಿದು ಹುಡುಕಿದರೆ ಅವು ಸಾಕಷ್ಟಿವೆ.

ಈ ಕ್ಷೇತ್ರದ ಬಹುತೇಕ ಸಂಶೋಧನೆಗಳ ತಳದಲ್ಲಿ ಒಂದು ಸರಳ ಪ್ರಶ್ನೆಯಿದೆ: ನಾವು ತ್ಯಾಜ್ಯ ಎನ್ನುವುದು ನಿಜವಾಗಿಯೂ ತ್ಯಾಜ್ಯವೇ? ಗದ್ದೆಯಲ್ಲಿ ಉಳಿದ ಹುಲ್ಲು ದನಕ್ಕೆ ಮೇವು, ಬಡವರ ಒಲೆಗೆ ಉರುವಲು, ಮಣ್ಣಿಗೆ ಸಾರ. ಅದೇ ಹುಲ್ಲು ಕಾರ್ಖಾನೆಗೆ ಕಚ್ಚಾ ಸಾಮಗ್ರಿಯೂ ಹೌದು. ಇಷ್ಟು ಹಕ್ಕುದಾರರಲ್ಲಿ ಯಾರಿಗೆ ಎಷ್ಟು ಸಲ್ಲಬೇಕು ಎಂಬುದನ್ನು ಅಳೆದು ಹೇಳುವುದು ಸಂಶೋಧಕನ ಕೆಲಸ.

ಪದ ಮತ್ತು ವ್ಯಾಪ್ತಿ

ಕನ್ನಡದಲ್ಲಿ ಬಯೋಮಾಸ್ ಎಂಬ ಪದಕ್ಕೆ ಜೀವರಾಶಿ, ಜೈವಿಕರಾಶಿ, ಜೈವಿಕ ದ್ರವ್ಯರಾಶಿ ಎಂಬ ಪದಗಳು ಬಳಕೆಯಲ್ಲಿವೆ. ರೂಢಿಯಲ್ಲಿ ಜೀವರಾಶಿ ಎಂದರೆ ಸಕಲ ಜೀವಿಗಳು ಎಂಬ ಅರ್ಥವಿರುವುದರಿಂದ ಈ ಲೇಖನದಲ್ಲಿ ಜೈವಿಕರಾಶಿ ಎಂಬ ಪದವನ್ನು ಬಳಸಲಾಗಿದೆ.

ಈ ಪದಕ್ಕೆ ಶಾಸ್ತ್ರದಲ್ಲಿ ಎರಡು ಅರ್ಥಗಳಿವೆ. ಪರಿಸರಶಾಸ್ತ್ರಜ್ಞರಿಗೆ ಅದು ಒಂದು ಪ್ರದೇಶದಲ್ಲಿರುವ ಜೀವಂತ ವಸ್ತುವಿನ ಒಟ್ಟು ತೂಕ. ಹೆಕ್ಟೇರಿಗೆ ಇಷ್ಟು ಟನ್ ಎಂದು ಒಣ ತೂಕದಲ್ಲಿ ಹೇಳುತ್ತಾರೆ. ಶಕ್ತಿ ತಂತ್ರಜ್ಞರಿಗೆ ಅದು ಇಂಧನವಾಗಿಯೋ ಕಚ್ಚಾ ಸಾಮಗ್ರಿಯಾಗಿಯೋ ಬಳಸಬಹುದಾದ ಸಾವಯವ ವಸ್ತು: ಸೌದೆ, ಬೆಳೆಯ ಉಳಿಕೆ, ಸಗಣಿ, ಕಬ್ಬಿನ ಸಿಪ್ಪೆ, ಅಡುಗೆಮನೆಯ ಕಸ, ಪಾಚಿ ಇತ್ಯಾದಿ. ಸಂಶೋಧನಾ ಪ್ರಕಟಣೆಯೊಂದರಲ್ಲಿ ಈ ಪದ ಯಾವ ಅರ್ಥದಲ್ಲಿದೆ ಎಂದು ಮೊದಲು ತಿಳಿದುಕೊಂಡರೆ ಅರ್ಜಿ ಹಾಕುವವರ ಶ್ರಮ ಎಷ್ಟೋ ಉಳಿಯುತ್ತದೆ.

ಕರ್ನಾಟಕದ ಹಿನ್ನೆಲೆ

ಭಾರತದಲ್ಲಿ ಈ ಕ್ಷೇತ್ರದ ಸಂಶೋಧನೆಗೆ ರೂಪ ಕೊಟ್ಟ ಪ್ರಯತ್ನಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಮುಖ್ಯವಾದುದು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವ ಉದ್ದೇಶದಿಂದ 1974ರಲ್ಲಿ ಆರಂಭವಾದ ಈ ಕಾರ್ಯಕ್ರಮದ ರೂವಾರಿ ಅಮೂಲ್ಯ ಕೆ. ಎನ್. ರೆಡ್ಡಿ (1930–2006). ಅವರು ಮೂಲತಃ ವಿದ್ಯುತ್ ರಸಾಯನಶಾಸ್ತ್ರಜ್ಞರು. ಹೊಗೆ ಕಡಿಮೆ ಮಾಡಿ ಸೌದೆ ಉಳಿಸುವ 'ಅಸ್ತ್ರ ಒಲೆ' ಈ ಕಾರ್ಯಕ್ರಮದ ಕೊಡುಗೆ. ಇದೇ ಕೇಂದ್ರ ಇಂದು ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿ ಮುಂದುವರಿದಿದೆ.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ನಡೆದ ಪ್ರಯೋಗ ಸಂಶೋಧಕರಿಗೆ ಇಂದಿಗೂ ಪಾಠವಾಗಿದೆ. ಅಲ್ಲಿ ಸಮುದಾಯದ ಗೋಬರ್ ಅನಿಲ ಸ್ಥಾವರವನ್ನು ಮೊದಲು ಕಟ್ಟಿದ್ದು ಮನೆಗಳ ಅಡುಗೆಗೆಂದು. ಆದರೆ ದೊರೆಯುವ ಸಗಣಿಯಿಂದ ಇಡೀ ಊರಿನ ಅಡುಗೆಗೆ ಸಾಲುವಷ್ಟು ಅನಿಲ ಉತ್ಪತ್ತಿಯಾಗಲಿಲ್ಲ. ಊರವರಿಗೆ ಅಡುಗೆ ಅನಿಲಕ್ಕಿಂತ ಕುಡಿಯುವ ನೀರಿನ ಅಗತ್ಯವೇ ಹೆಚ್ಚಿದೆ ಎಂಬುದೂ ತಿಳಿದುಬಂತು. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ತಯಾರಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೂ ಬೆಳಕನ್ನು ಮನೆಗಳಿಗೂ ಕೊಡಲಾಯಿತು. ಅನಿಲ ತೆಗೆದ ನಂತರದ ಬಗ್ಗಡವು ಗೊಬ್ಬರವಾಗಿ ಸಗಣಿ ಕೊಟ್ಟವರಿಗೇ ಮರಳಿತು. ತಂತ್ರಜ್ಞಾನ ಬಹುಮಟ್ಟಿಗೆ ಹಳೆಯದೇ, ಬದಲಾದದ್ದು ಪ್ರಶ್ನೆ. ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯನ್ನು ಅನಿಲವಾಗಿಸಿ ವಿದ್ಯುತ್ ಉತ್ಪಾದಿಸುವ ಘಟಕ ಆರಂಭವಾಯಿತು. ಅದಕ್ಕೆ ಬೇಕಾದ ಮರವನ್ನು ಅಲ್ಲಿಯೇ ಬೆಳೆಸಲಾಯಿತು.

ಪ್ರಮುಖ ಸಂಶೋಧನಾ ಕ್ಷೇತ್ರಗಳು

ಲಭ್ಯತೆಯ ಅಂದಾಜು

ಒಂದು ಜಿಲ್ಲೆಯಲ್ಲಿ ಎಷ್ಟು ಬೆಳೆ ಉಳಿಕೆ ಇದೆ ಎಂದು ತಿಳಿಯಲು ಸಾಮಾನ್ಯವಾಗಿ ಬೆಳೆಯ ಇಳುವರಿಯನ್ನು ಧಾನ್ಯ ಮತ್ತು ಉಳಿಕೆಗಳ ಅನುಪಾತದಿಂದ ಗುಣಿಸುತ್ತಾರೆ. ಆ ಅನುಪಾತ ತಳಿಯಿಂದ ತಳಿಗೆ, ಮಳೆಯಿಂದ ಮಳೆಗೆ, ಕೊಯ್ಲಿನ ವಿಧಾನದಿಂದ ವಿಧಾನಕ್ಕೆ ಬದಲಾಗುತ್ತದೆ. ಹೀಗೆ ಬಂದ ಒಟ್ಟು ಮೊತ್ತದಿಂದ ಮೇವು, ಉರುವಲು, ಹೊದಿಕೆ, ಗೊಬ್ಬರಗಳ ಪಾಲನ್ನು ಕಳೆದಾಗ ಉಳಿಯುವುದೇ 'ಹೆಚ್ಚುವರಿ'. ಈ ಕಳೆಯುವ ಲೆಕ್ಕದಲ್ಲಿಯೇ ತಪ್ಪುಗಳು ಹೆಚ್ಚು. ಒಂದೇ ರಾಗಿಹುಲ್ಲನ್ನು ಮೇವಿನ ಲೆಕ್ಕದಲ್ಲೂ ಇಂಧನದ ಲೆಕ್ಕದಲ್ಲೂ ಸೇರಿಸಿದರೆ ಕಾಗದದ ಮೇಲೆ ಸಮೃದ್ಧಿ ಕಾಣುತ್ತದೆ. ಕಟ್ಟಿದ ಘಟಕಕ್ಕೆ ಮಾತ್ರ ಕಚ್ಚಾ ಸಾಮಗ್ರಿ ದೊರೆಯುವುದಿಲ್ಲ. ತಾಲ್ಲೂಕು ಮಟ್ಟದಲ್ಲಿ ಮನೆಮನೆಗೆ ಹೋಗಿ ಮಾಡುವ ಅಳತೆಗೆ ಇಲ್ಲಿ ಬಹಳ ಬೆಲೆಯಿದೆ. ಸ್ಥಳೀಯ ಭಾಷೆ ಬಲ್ಲ ವಿದ್ಯಾರ್ಥಿಗೆ ಇದು ಅನುಕೂಲಕರ ಕ್ಷೇತ್ರ.

ಪರಿವರ್ತನೆಯ ತಂತ್ರಗಳು

ಸಸ್ಯದ ಒಣ ಭಾಗ ಮುಖ್ಯವಾಗಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳಿಂದ ಆಗಿದೆ. ಮೊದಲ ಎರಡನ್ನು ಸಕ್ಕರೆಯಾಗಿ ಒಡೆದು ಎಥನಾಲ್ ಮಾಡಬಹುದು. ಲಿಗ್ನಿನ್ ಅದಕ್ಕೆ ಅಡ್ಡಿಯಾಗಿ ನಿಲ್ಲುತ್ತದೆ. ಆ ಅಡ್ಡಿಯನ್ನು ಕಡಿಮೆ ಖರ್ಚಿನಲ್ಲಿ ತೆಗೆಯುವುದು ಹೇಗೆಂಬುದು ರಸಾಯನಶಾಸ್ತ್ರ ಮತ್ತು ಜೈವಿಕ ತಂತ್ರಜ್ಞಾನದ ದೊಡ್ಡ ಸಂಶೋಧನಾ ವಿಷಯ. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಎರಡನೆಯ ತಲೆಮಾರಿನ ಎಥನಾಲ್ ಘಟಕ 2022ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥನಾಲ್ ತಯಾರಿಸುವಂತೆ ಅದನ್ನು ರೂಪಿಸಲಾಗಿದೆ.

ಒಣ ವಸ್ತುವನ್ನು ಮಿತವಾದ ಗಾಳಿಯಲ್ಲಿ ಹೆಚ್ಚಿನ ಶಾಖಕ್ಕೆ ಒಳಪಡಿಸಿದರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಇರುವ ಉರಿಯುವ ಅನಿಲ ದೊರೆಯುತ್ತದೆ, ಇದು ಅನಿಲೀಕರಣ. ಗಾಳಿಯಿಲ್ಲದೆ ಕಾಯಿಸಿದರೆ ಇದ್ದಿಲು, ಎಣ್ಣೆ ಮತ್ತು ಅನಿಲ ಬರುತ್ತವೆ, ಇದು ಪೈರಾಲಿಸಿಸ್. ಹಸಿ ವಸ್ತುವಿಗೆ ಆಮ್ಲಜನಕರಹಿತ ಕೊಳೆಯುವಿಕೆಯೇ ಸೂಕ್ತ. ಅದರಿಂದ ಬರುವ ಜೈವಿಕ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮೀಥೇನ್. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚಾಗಿರುವುದರಿಂದ ಅದನ್ನು ಉರಿಸುವ ಬಾಯ್ಲರುಗಳಲ್ಲಿ ಬೂದಿಯ ತೊಂದರೆ ಹೆಚ್ಚು. ಕಾಫಿ ಹಣ್ಣಿನ ತಿರುಳು ತೊಳೆದ ನೀರು, ಅಡಿಕೆ ಸಿಪ್ಪೆ, ತೆಂಗಿನ ನಾರಿನ ಪುಡಿ, ಸಕ್ಕರೆ ಕಾರ್ಖಾನೆಯ ಮಡ್ಡಿ ಇವುಗಳಲ್ಲಿ ಪ್ರತಿಯೊಂದರ ಸ್ವಭಾವವೂ ಬೇರೆ. ಕೊಡಗು ಮತ್ತು ಚಿಕ್ಕಮಗಳೂರಿನ ಹಳ್ಳಗಳಿಗೆ ಕಾಫಿ ಸಂಸ್ಕರಣೆಯ ನೀರು ಸೇರದಂತೆ ಮಾಡಿ ಅದರಿಂದಲೇ ಅನಿಲ ಪಡೆಯುವುದು ಪರಿಸರ ಮತ್ತು ಶಕ್ತಿ ಎರಡಕ್ಕೂ ಸಂಬಂಧಿಸಿದ ವಿಷಯ.

ಮಣ್ಣು ಮತ್ತು ನೀರು

ಹೊಲದಿಂದ ಹುಲ್ಲನ್ನೆಲ್ಲ ಹೊತ್ತೊಯ್ದರೆ ಅದರೊಂದಿಗೆ ಪೊಟ್ಯಾಷಿಯಂ ಮೊದಲಾದ ಪೋಷಕಾಂಶಗಳೂ ಸಾವಯವ ಇಂಗಾಲವೂ ಹೋಗುತ್ತವೆ. ಎಷ್ಟನ್ನು ಬಿಟ್ಟರೆ ಮಣ್ಣಿನ ಆರೋಗ್ಯ ಕೆಡುವುದಿಲ್ಲ ಎಂಬುದು ಹಲವು ವರ್ಷಗಳ ಕ್ಷೇತ್ರ ಪ್ರಯೋಗಗಳಿಂದ ಮಾತ್ರ ತಿಳಿಯುತ್ತದೆ. ಪೈರಾಲಿಸಿಸ್‌ನಿಂದ ಬರುವ ಇದ್ದಿಲನ್ನು ಮಣ್ಣಿಗೆ ಸೇರಿಸುವ ಜೈವಿಕ ಇದ್ದಿಲು ಪ್ರಯೋಗಗಳೂ ಇಲ್ಲಿಗೇ ಸೇರುತ್ತವೆ. ಕಬ್ಬಿನಿಂದ ಎಥನಾಲ್ ತಯಾರಿಸುವಾಗ ಎಷ್ಟು ಅಂತರ್ಜಲ ವ್ಯಯವಾಗುತ್ತದೆ ಎಂಬುದು ಮಂಡ್ಯ ಮತ್ತು ಬೆಳಗಾವಿಯಂತಹ ಕಬ್ಬಿನ ಜಿಲ್ಲೆಗಳಿಗೆ ನೇರವಾಗಿ ಸಂಬಂಧಿಸಿದ ಪ್ರಶ್ನೆ.

ಹೊಗೆ ಮತ್ತು ಆರೋಗ್ಯ

ಒಲೆಯ ಹೊಗೆಯಿಂದ ಹೆಂಗಸರು ಮತ್ತು ಮಕ್ಕಳ ಮೇಲಾಗುವ ಪರಿಣಾಮವನ್ನು ಅಳೆಯುವ ಆರಂಭದ ಅಧ್ಯಯನಗಳಲ್ಲಿ ಅಮೆರಿಕದ ಕರ್ಕ್ ಆರ್. ಸ್ಮಿತ್ (1947–2020) ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದ ಆದಿಯಲ್ಲಿ ಗುಜರಾತಿನ ಹಳ್ಳಿಗಳಲ್ಲಿ ನಡೆಸಿದ ಅಳತೆಗಳು ಪ್ರಮುಖವಾದವು. 2016ರ ಮೇ 1ರಂದು ಆರಂಭವಾದ ಪ್ರಧಾನಮಂತ್ರಿ ಉಜ್ವಲಾ ಯೋಜನೆಯಿಂದ ಕೋಟ್ಯಂತರ ಮನೆಗಳಿಗೆ ಅಡುಗೆ ಅನಿಲ ಬಂದಿದೆ. ಆದರೂ ಹಲವು ಮನೆಗಳಲ್ಲಿ ಅನಿಲದ ಒಲೆಯ ಪಕ್ಕದಲ್ಲಿ ಸೌದೆ ಒಲೆ ಉಳಿದುಕೊಂಡಿದೆ. ಸ್ನಾನದ ನೀರು ಕಾಯಿಸಲು, ದನದ ಬೂಸಾ ಬೇಯಿಸಲು ಸೌದೆಯೇ ಏಕೆ ಬೇಕಾಗುತ್ತದೆ ಎಂಬುದನ್ನು ವಾಯುವಿಜ್ಞಾನದೊಂದಿಗೆ ಸಮಾಜಶಾಸ್ತ್ರವೂ ವಿವರಿಸಬೇಕು. ಪಂಜಾಬ್ ಮತ್ತು ಹರಿಯಾಣದಲ್ಲಿ ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ ಭತ್ತದ ಕೂಳೆಗೆ ಬೆಂಕಿ ಹಚ್ಚುವುದರಿಂದ ಏಳುವ ಹೊಗೆಯ ಅಧ್ಯಯನವೂ ಇದರಲ್ಲಿ ಅಡಕವಾಗಿದೆ.

ಕಾಡು ಮತ್ತು ಇಂಗಾಲ

ಮರದ ಒಣ ತೂಕದಲ್ಲಿ ಸುಮಾರು ಅರ್ಧ ಭಾಗ ಇಂಗಾಲ. ಮರ ಕಡಿಯದೆ ಅದರ ತೂಕ ಅಂದಾಜು ಮಾಡಲು ಕಾಂಡದ ಸುತ್ತಳತೆ, ಎತ್ತರ ಮತ್ತು ಮರದ ಸಾಂದ್ರತೆಗಳನ್ನು ಸೇರಿಸಿದ ಸಮೀಕರಣಗಳನ್ನು ಬಳಸುತ್ತಾರೆ. ಪರಿಸರಶಾಸ್ತ್ರಜ್ಞರು ಸಾಮಾನ್ಯವಾಗಿ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆದರೆ, ಭಾರತದ ಅರಣ್ಯ ಇಲಾಖೆಗಳ ರೂಢಿ 1.37 ಮೀಟರ್. ಎರಡು ಮೂಲಗಳ ಮಾಹಿತಿಯನ್ನು ಸೇರಿಸುವಾಗ ಇಂತಹ ಸಣ್ಣ ವ್ಯತ್ಯಾಸಗಳನ್ನೂ ಗಮನಿಸಬೇಕಾಗುತ್ತದೆ. ಬಂಡೀಪುರಕ್ಕೆ ಹೊಂದಿಕೊಂಡಿರುವ ತಮಿಳುನಾಡಿನ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರವು 1988ರಲ್ಲಿ ಗುರುತಿಸಿದ 50 ಹೆಕ್ಟೇರ್ ಅಧ್ಯಯನ ಪ್ರದೇಶದಲ್ಲಿ ಮರಗಳನ್ನು ದೀರ್ಘಕಾಲದಿಂದ ಅಳೆಯಲಾಗುತ್ತಿದೆ.

ಬಾಹ್ಯಾಕಾಶದಿಂದಲೂ ಅಳತೆ ಸಾಧ್ಯವಾಗಿದೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ 'ಬಯೋಮಾಸ್' ಉಪಗ್ರಹವು 2025ರ ಏಪ್ರಿಲ್ 29ರಂದು, ಇಸ್ರೋ ಮತ್ತು ನಾಸಾ ಜಂಟಿಯಾಗಿ ರೂಪಿಸಿದ 'ನಿಸಾರ್' ಉಪಗ್ರಹವು 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಉಡಾವಣೆಗೊಂಡವು. ಮೊದಲನೆಯದರ ಉಡಾವಣೆ ಫ್ರೆಂಚ್ ಗಯಾನಾದಿಂದ ನಡೆಯಿತು. ಇವು ರೇಡಾರ್ ಮೂಲಕ ಕಾಡಿನ ರಚನೆಯನ್ನು ಗ್ರಹಿಸುತ್ತವೆ. ಆದರೆ ಉಪಗ್ರಹದ ಸಂಕೇತವನ್ನು ಟನ್ನುಗಳಿಗೆ ಪರಿವರ್ತಿಸಲು ನೆಲದ ಮೇಲೆ ಟೇಪು ಹಿಡಿದು ಅಳೆದ ಅಂಕಿಗಳೇ ಆಧಾರ. ಆ ಅಂಕಿಗಳು ಪಶ್ಚಿಮ ಘಟ್ಟದಂತಹ ಮಿಶ್ರ ಕಾಡುಗಳಿಗೆ ಹೆಚ್ಚು ಬೇಕಾಗಿವೆ.

ಜೀವನಚಕ್ರದ ವಿಶ್ಲೇಷಣೆ ಮತ್ತು ನೀತಿ

ಒಂದು ಇಂಧನ ಬೆಳೆಯುವುದರಿಂದ ಉರಿಯುವವರೆಗೆ ಒಟ್ಟು ಎಷ್ಟು ಹಸಿರುಮನೆ ಅನಿಲ ಹೊರಬಿತ್ತು ಎಂದು ಲೆಕ್ಕ ಹಾಕುವುದು ಜೀವನಚಕ್ರದ ವಿಶ್ಲೇಷಣೆ. ಭಾರತದ ರಾಷ್ಟ್ರೀಯ ಜೈವಿಕ ಇಂಧನ ನೀತಿ 2018ರಲ್ಲಿ ಬಂತು. 2022ರ ತಿದ್ದುಪಡಿಯಲ್ಲಿ ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸುವ ಗುರಿಯನ್ನು 2030ರಿಂದ 2025–26ಕ್ಕೆ ಮುಂದಕ್ಕೆ ತರಲಾಯಿತು. ಇಂತಹ ನೀತಿಗಳಿಂದ ಆಹಾರ ಧಾನ್ಯದ ಬೆಲೆ, ಭೂಬಳಕೆ ಮತ್ತು ರೈತರ ಆದಾಯಗಳ ಮೇಲಾಗುವ ಪರಿಣಾಮವು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೂ ತೆರೆದಿರುವ ವಿಷಯ.

ಭಾರತದಲ್ಲಿ ಪ್ರವೇಶದ ನಿಯಮಗಳು

ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ಪ್ರವೇಶಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮಾವಳಿ ಅನ್ವಯಿಸುತ್ತದೆ. ಅದರ ಮುಖ್ಯ ಅಂಶಗಳು ಹೀಗಿವೆ:

• ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ. 55 ಅಂಕಗಳು, ಅಥವಾ ನಾಲ್ಕು ವರ್ಷಗಳ ಪದವಿಯಲ್ಲಿ ಕನಿಷ್ಠ ಶೇ. 75 ಅಂಕಗಳು ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ವಿಶೇಷಚೇತನ ಹಾಗೂ ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ. 5ರ ರಿಯಾಯಿತಿ ಇದೆ.
• ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ 2 ವರ್ಷ ಹೆಚ್ಚಿಸಬಹುದು. ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೂ ಇನ್ನೂ 2 ವರ್ಷ ದೊರೆಯಬಹುದು. ಒಟ್ಟು ಅವಧಿ 10 ವರ್ಷ ಮೀರುವಂತಿಲ್ಲ.
• ಮಹಿಳಾ ಸಂಶೋಧಕರಿಗೆ ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆ ದೊರೆಯಬಹುದು.
• ಆರಂಭದಲ್ಲಿ 12ರಿಂದ 16 ಕ್ರೆಡಿಟ್‌ಗಳ ಪೂರ್ವಸಿದ್ಧತಾ ಪಠ್ಯಕ್ರಮ ಕಡ್ಡಾಯ. ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಅದರ ಭಾಗ.
• ಒಮ್ಮೆಗೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳಿಗಷ್ಟೇ ಮಾರ್ಗದರ್ಶನ ನೀಡಬಹುದು.
• ಉದ್ಯೋಗದಲ್ಲಿರುವವರು ಅರೆಕಾಲಿಕವಾಗಿ ಸೇರಲು ಅವಕಾಶವಿದೆ. ದೂರಶಿಕ್ಷಣದ ಮೂಲಕ ಪಿಎಚ್.ಡಿ. ನೀಡುವಂತಿಲ್ಲ.

ಎಂ.ಫಿಲ್. ಪದವಿಯನ್ನು ಇದೇ ನಿಯಮಾವಳಿಯಲ್ಲಿ ಕೈಬಿಡಲಾಗಿದೆ. ಪ್ರಬಂಧ ಸಲ್ಲಿಸುವ ಮುನ್ನ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿರಬೇಕೆಂಬ ಹಿಂದಿನ ರಾಷ್ಟ್ರಮಟ್ಟದ ಕಡ್ಡಾಯವೂ ಈಗಿಲ್ಲ. ಆದರೆ ಸಂಸ್ಥೆಗಳು ತಮ್ಮದೇ ನಿಯಮ ಮಾಡಿಕೊಳ್ಳಬಹುದು.

ಅರ್ಹತಾ ಪರೀಕ್ಷೆಗಳು

ಇಲ್ಲಿ ಹಲವು ವಿದ್ಯಾರ್ಥಿಗಳು ಗೊಂದಲಕ್ಕೆ ಒಳಗಾಗುತ್ತಾರೆ. 'ಪರಿಸರ ವಿಜ್ಞಾನ' ಎಂಬ ವಿಷಯವು ಯುಜಿಸಿ–ನೆಟ್ ಪರೀಕ್ಷೆಯಲ್ಲಿದೆ. ಸಿಎಸ್ಐಆರ್–ಯುಜಿಸಿ ನೆಟ್ ಪರೀಕ್ಷೆಯಲ್ಲಿ ಆ ಹೆಸರಿನ ವಿಷಯವಿಲ್ಲ. ಅಲ್ಲಿ ಜೀವವಿಜ್ಞಾನ, ರಾಸಾಯನಿಕ ವಿಜ್ಞಾನ ಅಥವಾ ಭೂಮಿ ಮತ್ತು ವಾಯುಮಂಡಲಕ್ಕೆ ಸಂಬಂಧಿಸಿದ ವಿಜ್ಞಾನವನ್ನು ಆರಿಸಿಕೊಳ್ಳಬೇಕಾಗುತ್ತದೆ. ಗೇಟ್ ಪರೀಕ್ಷೆಯಲ್ಲಿ 'ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್' ಎಂಬ ಪ್ರತ್ಯೇಕ ಪತ್ರಿಕೆ 2021ರಿಂದ ಇದೆ. ಅದರೊಂದಿಗೆ ರಸಾಯನ ಎಂಜಿನಿಯರಿಂಗ್, ಜೈವಿಕ ತಂತ್ರಜ್ಞಾನ, ಕೃಷಿ ಎಂಜಿನಿಯರಿಂಗ್, ಪರಿಸರಶಾಸ್ತ್ರ ಮತ್ತು ವಿಕಾಸ ಎಂಬ ಪತ್ರಿಕೆಗಳೂ ಉಪಯುಕ್ತ. ಕೃಷಿ ವಿಶ್ವವಿದ್ಯಾಲಯಗಳ ಸಂಶೋಧನಾ ಪ್ರವೇಶಕ್ಕೆ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಪರೀಕ್ಷೆಯೂ ಒಂದು ದಾರಿ.

2024–25ರ ಶೈಕ್ಷಣಿಕ ವರ್ಷದಿಂದ ಯುಜಿಸಿ–ನೆಟ್ ಫಲಿತಾಂಶವನ್ನು ಮೂರು ವರ್ಗಗಳಾಗಿ ಪ್ರಕಟಿಸಲಾಗುತ್ತಿದೆ. ಮೊದಲ ವರ್ಗದವರು ಕಿರಿಯ ಸಂಶೋಧನಾ ಶಿಷ್ಯವೇತನಕ್ಕೆ ಅರ್ಹರು. ಎರಡನೆಯ ಮತ್ತು ಮೂರನೆಯ ವರ್ಗದವರು ಶಿಷ್ಯವೇತನವಿಲ್ಲದೆ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರು, ಅವರ ಪ್ರವೇಶದಲ್ಲಿ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕವಿದ್ದು, ಆ ಅಂಕಕ್ಕೆ ಒಂದು ವರ್ಷದ ಮಾನ್ಯತೆ ಇರುತ್ತದೆ.

ಶಿಷ್ಯವೇತನಗಳು

ಕಿರಿಯ ಸಂಶೋಧನಾ ಶಿಷ್ಯವೇತನವು 2023ರ ಜನವರಿ 1ರಿಂದ ತಿಂಗಳಿಗೆ 37,000 ರೂಪಾಯಿ; ಎರಡು ವರ್ಷಗಳ ನಂತರ ಹಿರಿಯ ಶ್ರೇಣಿಯಲ್ಲಿ 42,000 ರೂಪಾಯಿ. ಮನೆ ಬಾಡಿಗೆ ಭತ್ಯೆ ಪ್ರತ್ಯೇಕ. ಒಟ್ಟು ಅವಧಿ ಐದು ವರ್ಷ. 2018ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸಂಶೋಧನಾ ಶಿಷ್ಯವೇತನದಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ 70,000, ಮೂರನೆಯ ವರ್ಷ 75,000, ನಂತರ 80,000 ರೂಪಾಯಿ ನಿಗದಿಯಾಗಿತ್ತು. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಶಿಷ್ಯವೇತನ, ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯದ ಶಿಷ್ಯವೇತನಗಳು, ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಅಭಿವೃದ್ಧಿ ಸಂಸ್ಥೆಯ ಪಿಎಚ್.ಡಿ. ಶಿಷ್ಯವೇತನ ಇತರ ಮೂಲಗಳು. ಪ್ರಾಧ್ಯಾಪಕರ ಯೋಜನೆಗಳಲ್ಲಿ ಸಂಶೋಧನಾ ಸಹಾಯಕರಾಗಿ ಸೇರಿ, ನಂತರ ಪದವಿಗೆ ನೋಂದಾಯಿಸಿಕೊಳ್ಳುವ ದಾರಿಯೂ ಇದೆ. ಯೋಜನೆಯ ಅವಧಿ ಮೂರು ವರ್ಷ, ಪದವಿಯ ಅವಧಿ ಐದು ವರ್ಷವಾದರೆ ನಡುವಿನ ಎರಡು ವರ್ಷಗಳ ಜೀವನೋಪಾಯವೇನು ಎಂದು ಮೊದಲೇ ವಿಚಾರಿಸಿಕೊಳ್ಳುವುದು ಅಗತ್ಯ. ಮನೆಯಲ್ಲಿ ಮೊದಲ ಪದವೀಧರರಾದವರು ಸಂಶೋಧನೆಯನ್ನು ಅರ್ಧಕ್ಕೆ ಬಿಡುವುದು ಬುದ್ಧಿಯ ಕೊರತೆಗಿಂತ ಹಣದ ಕೊರತೆಯಿಂದಲೇ ಹೆಚ್ಚು.

ಕರ್ನಾಟಕದ ಸಂಸ್ಥೆಗಳು

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವೂ, ಮಾಧವ ಗಾಡ್ಗೀಳ್ ಅವರು 1983ರಲ್ಲಿ ಸ್ಥಾಪಿಸಿದ ಪರಿಸರ ವಿಜ್ಞಾನಗಳ ಕೇಂದ್ರವೂ ಈ ಕ್ಷೇತ್ರದಲ್ಲಿ ಮಾರ್ಗದರ್ಶನ ನೀಡುತ್ತವೆ. ಮೈಸೂರು, ಬೆಂಗಳೂರು ಮತ್ತು ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನ ವಿಭಾಗಗಳಿವೆ. ಬೆಂಗಳೂರು, ಧಾರವಾಡ ಮತ್ತು ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಮಣ್ಣು, ಸೂಕ್ಷ್ಮಜೀವಶಾಸ್ತ್ರ ಮತ್ತು ಕೃಷಿ ಎಂಜಿನಿಯರಿಂಗ್ ವಿಭಾಗಗಳ ಮೂಲಕ ಪ್ರವೇಶ ಸಾಧ್ಯ. ಹೊಂಗೆ ಮೊದಲಾದ ಎಣ್ಣೆಬೀಜದ ಮರಗಳ ಕೆಲಸಕ್ಕೆ ಹಾಸನದ ಬಳಿಯ ಮಡೆನೂರಿನ ಜೈವಿಕ ಇಂಧನ ಉದ್ಯಾನ ಹೆಸರಾಗಿದೆ. ಅರಣ್ಯಶಾಸ್ತ್ರಕ್ಕೆ ಶಿರಸಿ ಮತ್ತು ಪೊನ್ನಂಪೇಟೆಯ ಕಾಲೇಜುಗಳಿವೆ.

ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ರಸಾಯನ ಎಂಜಿನಿಯರಿಂಗ್, ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಆಹಾರ ಸಂಸ್ಕರಣೆಯ ಉಳಿಕೆಗಳು, ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಗುಣಗಳು ಅಧ್ಯಯನದ ವಿಷಯಗಳು. ನೀತಿ ಮತ್ತು ಅರ್ಥಶಾಸ್ತ್ರದ ಕಡೆ ಒಲವಿರುವವರಿಗೆ ನಾಗರಬಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ಸೂಕ್ತ. ನಿಸರ್ಗ ಮತ್ತು ಸಮಾಜವಿಜ್ಞಾನಗಳನ್ನು ಒಟ್ಟಿಗೆ ನೋಡುವವರಿಗೆ 1996ರಲ್ಲಿ ಸ್ಥಾಪನೆಯಾದ 'ಏಟ್ರೀ' ಇದೆ.

ಭಾರತದ ಇತರ ಸಂಸ್ಥೆಗಳು

ಪಂಜಾಬಿನ ಕಪುರ್ತಲಾದಲ್ಲಿರುವ ಸರ್ದಾರ್ ಸ್ವರಣ್ ಸಿಂಗ್ ರಾಷ್ಟ್ರೀಯ ಜೈವಿಕ ಶಕ್ತಿ ಸಂಸ್ಥೆ ಈ ವಿಷಯಕ್ಕೇ ಮೀಸಲಾದುದು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಮತ್ತು ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಗಳು ಸಿಎಸ್ಐಆರ್ ಪ್ರಯೋಗಾಲಯಗಳಾಗಿದ್ದು, ಅಲ್ಲಿ ವೈಜ್ಞಾನಿಕ ಮತ್ತು ನಾವೀನ್ಯ ಸಂಶೋಧನಾ ಅಕಾಡೆಮಿಯ ಮೂಲಕ ಪದವಿ ದೊರೆಯುತ್ತದೆ. ದೆಹಲಿಯ ಐಐಟಿಯ ಗ್ರಾಮೀಣಾಭಿವೃದ್ಧಿ ಮತ್ತು ತಂತ್ರಜ್ಞಾನ ಕೇಂದ್ರ, ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಗಳ ಶಾಲೆ, ಮುಂಬೈಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಮತ್ತು ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಇತರ ಪ್ರಮುಖ ಕೇಂದ್ರಗಳು.

ವಿದೇಶಗಳಲ್ಲಿ ಅವಕಾಶಗಳು

ದೇಶದಿಂದ ದೇಶಕ್ಕೆ ಪಿಎಚ್.ಡಿ. ವ್ಯವಸ್ಥೆ ಬೇರೆ. ಸ್ವೀಡನ್ನಿನಲ್ಲಿ ಸಂಶೋಧನಾ ವಿದ್ಯಾರ್ಥಿಯು ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಉದ್ಯೋಗಿ; ಬೋಧನಾ ಶುಲ್ಕವಿಲ್ಲ, ಸಂಬಳವಿದೆ. ಅಲ್ಲಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ಉಪ್ಸಾಲಾ ಮತ್ತು ಉಮಿಯೋ ನಗರಗಳಲ್ಲಿ ಅರಣ್ಯ ಜೈವಿಕರಾಶಿಯ ಸಂಶೋಧನೆ ನಡೆಸುತ್ತದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ 2008ರಲ್ಲಿ ಸ್ಥಾಪನೆಯಾದ ಜರ್ಮನ್ ಜೈವಿಕರಾಶಿ ಸಂಶೋಧನಾ ಕೇಂದ್ರವಿದೆ. ಅದರ ಸಂಶೋಧಕರು ಪದವಿಗಾಗಿ ವಿಶ್ವವಿದ್ಯಾಲಯವೊಂದರಲ್ಲಿ ನೋಂದಾಯಿಸಿಕೊಳ್ಳುತ್ತಾರೆ. ಜರ್ಮನಿಗೆ ಹೋಗುವವರಿಗೆ ಡಾಡ್ ಸಂಸ್ಥೆಯ ಶಿಷ್ಯವೇತನಗಳು ಲಭ್ಯ. ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯ, ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಆಸ್ಟನ್ ವಿಶ್ವವಿದ್ಯಾಲಯಗಳೂ ಈ ಕ್ಷೇತ್ರದಲ್ಲಿ ಹೆಸರಾಗಿವೆ.

ಯುರೋಪಿನ ಮೇರಿ ಸ್ಕ್ಲೊಡೊವ್ಸ್ಕಾ–ಕ್ಯೂರಿ ಡಾಕ್ಟರೇಟ್ ಜಾಲಗಳಿಗೆ ಯಾವುದೇ ದೇಶದವರು ಅರ್ಜಿ ಹಾಕಬಹುದು. ಆದರೆ ನೇಮಕಕ್ಕೆ ಹಿಂದಿನ 36 ತಿಂಗಳುಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಆ ದೇಶದಲ್ಲಿ ನೆಲೆಸಿರಬಾರದೆಂಬ ನಿಯಮವಿದೆ. ಅಮೆರಿಕದಲ್ಲಿ ವಿಶ್ವವಿದ್ಯಾಲಯದ ವಿಭಾಗಗಳ ಮೂಲಕ ಬೋಧನಾ ಅಥವಾ ಸಂಶೋಧನಾ ಸಹಾಯಕ ಹುದ್ದೆ ಪಡೆದು ಓದುವುದು ರೂಢಿ.

ಭಾರತದಲ್ಲಿಯೇ ನೋಂದಾಯಿಸಿಕೊಂಡವರು ಅಲ್ಪಾವಧಿಗೆ ಹೊರಗೆ ಹೋಗಿ ಬರಬಹುದು. ಫುಲ್‌ಬ್ರೈಟ್–ನೆಹರೂ ಡಾಕ್ಟರೇಟ್ ಸಂಶೋಧನಾ ಶಿಷ್ಯವೇತನ ಅಮೆರಿಕಕ್ಕೆ, ಆಸ್ಟ್ರಿಯಾದ ಲಕ್ಸೆನ್‌ಬರ್ಗ್‌ನಲ್ಲಿರುವ ಅನ್ವಯಿಕ ವ್ಯವಸ್ಥಾ ವಿಶ್ಲೇಷಣೆಯ ಅಂತರರಾಷ್ಟ್ರೀಯ ಸಂಸ್ಥೆಯ ಮೂರು ತಿಂಗಳ ಬೇಸಿಗೆ ಕಾರ್ಯಕ್ರಮ ಯುರೋಪಿಗೆ ದಾರಿ ತೆರೆಯುತ್ತವೆ. ಕ್ಷೇತ್ರಕಾರ್ಯ ಕರ್ನಾಟಕದಲ್ಲಿಯೇ ಇರುವವರಿಗೆ ಇಂತಹ ವ್ಯವಸ್ಥೆ ಹೆಚ್ಚು ಹೊಂದುತ್ತದೆ.

ವಿಷಯ ಮತ್ತು ಮಾರ್ಗದರ್ಶಕರ ಆಯ್ಕೆ

ಸಂಶೋಧನಾ ವಿಷಯವನ್ನು ಒಂದು ಪ್ರಶ್ನೆಯ ರೂಪದಲ್ಲಿ ಬರೆಯಲು ಸಾಧ್ಯವಾಗಬೇಕು. 'ಅಡಿಕೆ ಸಿಪ್ಪೆಯ ಬಳಕೆ' ಎಂಬುದು ಶೀರ್ಷಿಕೆಯಷ್ಟೇ. 'ಅಡಿಕೆ ಸಿಪ್ಪೆಯನ್ನು ಸಗಣಿಯೊಂದಿಗೆ ಯಾವ ಪ್ರಮಾಣದಲ್ಲಿ ಬೆರೆಸಿದರೆ ಅನಿಲದ ಇಳುವರಿ ಹೆಚ್ಚುತ್ತದೆ, ಉಳಿದ ಬಗ್ಗಡ ತೋಟಕ್ಕೆ ಹಿತವೇ?' ಎಂಬುದು ಪ್ರಶ್ನೆ. ಎರಡನೆಯದರಲ್ಲಿ ಏನನ್ನು ಅಳೆಯಬೇಕು, ಎಷ್ಟು ಋತುಗಳು ಬೇಕು, ಯಾವ ಉಪಕರಣ ಬೇಕು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ. ಬೆಳೆ ಮತ್ತು ಮಣ್ಣಿಗೆ ಸಂಬಂಧಿಸಿದ ಪ್ರಯೋಗಗಳು ಋತುವಿಗೆ ಕಟ್ಟುಬಿದ್ದಿರುತ್ತವೆ. ಒಂದು ಮುಂಗಾರು ಕೈತಪ್ಪಿದರೆ ಒಂದು ವರ್ಷವೇ ಹೋದಂತೆ.

ದೇಶದ ವಿಶ್ವವಿದ್ಯಾಲಯಗಳಿಗೆ ಸಲ್ಲಿಕೆಯಾದ ಪ್ರಬಂಧಗಳನ್ನು 'ಶೋಧಗಂಗಾ' ಜಾಲತಾಣದಲ್ಲಿ ಉಚಿತವಾಗಿ ಓದಬಹುದು. ಅರ್ಜಿ ಹಾಕುವ ಮೊದಲು ಆಯ್ದ ಮಾರ್ಗದರ್ಶಕರ ವಿದ್ಯಾರ್ಥಿಗಳು ಬರೆದ ಒಂದೆರಡು ಪ್ರಬಂಧಗಳನ್ನು ಓದಿದರೆ ಅಲ್ಲಿನ ಕೆಲಸದ ರೀತಿ, ಪ್ರಯೋಗಾಲಯದ ಸೌಲಭ್ಯ ಮತ್ತು ಪದವಿ ಮುಗಿಯಲು ಹಿಡಿಯುವ ಕಾಲ ತಿಳಿಯುತ್ತದೆ. ಮಾರ್ಗದರ್ಶಕರಿಗೆ ಬರೆಯುವ ಪತ್ರದಲ್ಲಿ ಅವರ ಒಂದು ಲೇಖನವನ್ನು ಓದಿ ತನಗೆ ಹುಟ್ಟಿದ ಸಂದೇಹವನ್ನು ತಿಳಿಸುವುದು, ಅಂಕಪಟ್ಟಿಯ ವಿವರಣೆಗಿಂತ ಹೆಚ್ಚು ಪ್ರಯೋಜನಕಾರಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಬರವಣಿಗೆ ಆರಂಭದಲ್ಲಿ ತೊಡಕೆನಿಸುವುದು ಸಹಜ. ಅಭ್ಯಾಸದಿಂದ ಅದು ನೀಗುತ್ತದೆ. ರೈತರೊಡನೆ, ಸೌದೆ ತರುವ ಹೆಂಗಸರೊಡನೆ ಅವರ ಮಾತಿನಲ್ಲೇ ಮಾತನಾಡಿ ನಂಬಲರ್ಹ ಮಾಹಿತಿ ಪಡೆಯುವ ಶಕ್ತಿ ಮಾತ್ರ ತರಬೇತಿಯಿಂದ ಸುಲಭವಾಗಿ ಬರುವುದಲ್ಲ.

ಸಂಶೋಧನೆಯ ಪ್ರಾಮಾಣಿಕತೆ

ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ನಿಯಮ ರೂಪಿಸಿದೆ. ಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗಿನ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಹಣ ಪಡೆದು ಪರಿಶೀಲನೆಯಿಲ್ಲದೆ ಲೇಖನ ಪ್ರಕಟಿಸುವ ಪತ್ರಿಕೆಗಳಿಂದ ದೂರವಿರಬೇಕು. ಯುಜಿಸಿ ತನ್ನ 'ಕೇರ್' ಪತ್ರಿಕೆಗಳ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿರುವುದರಿಂದ ಪತ್ರಿಕೆಯ ಗುಣವನ್ನು ಅಳೆಯುವ ಹೊಣೆ ಈಗ ಸಂಸ್ಥೆ ಮತ್ತು ಸಂಶೋಧಕರ ಮೇಲೇ ಇದೆ. ನಿರೀಕ್ಷೆಗೆ ವಿರುದ್ಧವಾಗಿ ಬಂದ ಫಲಿತಾಂಶವನ್ನು ಮರೆಮಾಚದೆ ವರದಿ ಮಾಡುವುದಕ್ಕೆ ಈ ಕ್ಷೇತ್ರದಲ್ಲಿ ವಿಶೇಷ ಮಹತ್ವವಿದೆ. ಲಭ್ಯತೆಯ ಅಂಕಿಯನ್ನು ಹಿಗ್ಗಿಸಿ ಹೇಳಿದರೆ ಅದರ ಮೇಲೆ ಘಟಕ ಏಳುತ್ತದೆ, ಸಾಲ ಏಳುತ್ತದೆ. ಕೊನೆಗೆ ಹೊರೆ ಬೀಳುವುದು ಹುಲ್ಲು ಕಳೆದುಕೊಂಡ ದನಕ್ಕೂ ಸೌದೆ ಕಳೆದುಕೊಂಡ ಒಲೆಗೂ.

ಪದವಿಯ ನಂತರ

ಡಾಕ್ಟರೇಟ್ ಪಡೆದವರಿಗೆ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಬೋಧನೆ, ಸರ್ಕಾರಿ ಪ್ರಯೋಗಾಲಯಗಳು, ಮಾಲಿನ್ಯ ನಿಯಂತ್ರಣ ಮಂಡಳಿಗಳು, ಸಕ್ಕರೆ ಮತ್ತು ಎಥನಾಲ್ ಉದ್ಯಮ, ಸಂಪೀಡಿತ ಜೈವಿಕ ಅನಿಲ ಘಟಕಗಳು, ಇಂಗಾಲದ ಲೆಕ್ಕಪರಿಶೋಧನೆ ನಡೆಸುವ ಕಂಪನಿಗಳು ಮತ್ತು ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸ ದೊರೆಯಬಹುದು. ಖಾಯಂ ಬೋಧನಾ ಹುದ್ದೆಗಳಿಗೆ ಸ್ಪರ್ಧೆ ತೀವ್ರವಾಗಿದೆ. 2023ರ ತಿದ್ದುಪಡಿಯಂತೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ತತ್ಸಮಾನ ರಾಜ್ಯ ಪರೀಕ್ಷೆ ಕನಿಷ್ಠ ಅರ್ಹತೆಯಾಗಿದ್ದು, ಪಿಎಚ್.ಡಿ. ಕಡ್ಡಾಯವಲ್ಲ. ಆದ್ದರಿಂದ ಉದ್ಯೋಗವೊಂದನ್ನೇ ಗುರಿಯಾಗಿಸಿಕೊಂಡವರಿಗೆ ಸಂಶೋಧನೆ ದೀರ್ಘವಾದ ದಾರಿ. ತನ್ನ ಊರಿನ ಗದ್ದೆ, ಒಲೆ ಅಥವಾ ಕಾಡಿನ ಬಗೆಗೆ ಉತ್ತರವಿಲ್ಲದ ಪ್ರಶ್ನೆಯೊಂದು ಮನಸ್ಸಿನಲ್ಲಿ ಉಳಿದಿರುವವರಿಗೆ ಅದೇ ನೇರವಾದ ದಾರಿ.

ಇವನ್ನೂ ನೋಡಿ

• ಜೈವಿಕ ಅನಿಲ
• ಜೈವಿಕ ಇಂಧನ
• ನವೀಕರಿಸಬಹುದಾದ ಶಕ್ತಿ
• ಪರಿಸರ ವಿಜ್ಞಾನ
• ಭಾರತೀಯ ವಿಜ್ಞಾನ ಸಂಸ್ಥೆ